ಅಗ್ಗದ ಆಲೂಗಡ್ಡೆ ತಂದು ಎರಡು ಹಂದಿ ಕಳೆದುಕೊಂಡೆ

ಹಂದಿ ಸಾಕುವವರು ಇದನ್ನು ಓದಿ, ಅದರಲ್ಲೂ ನಮ್ಮ ಹಾಸನದ ಕಡೆಯವರು. ಬಿತ್ತನೆ ಆಲೂಗಡ್ಡೆ ವ್ಯಾಪಾರ ಮುಗಿಯುತ್ತಾ ಬಂದಿದೆ. ಉಳಿದ ಚೀಲಗಳನ್ನು ಹಂದಿಗೆ ಹಾಕಿ ಅಂತ ಮಾರುವವರು ಫೋನ್ ಮಾಡೇ ಮಾಡುತ್ತಾರೆ.

ಕಳೆದ ವರ್ಷ ನನಗೂ ಬಂತು. ಪಂಜಾಬಿನ ಜಲಂಧರ್‌ನಿಂದ ಬಂದು ಮಾರಾಟವಾಗದೆ ಉಳಿದ ಬಿತ್ತನೆ ಗಡ್ಡೆ, ಕೆ.ಜಿ.ಗೆ 5 ರೂಪಾಯಿ. ಆಗ ನಾನು ಮುಸುಕಿನ ಜೋಳಕ್ಕೆ 24 ಕೊಡುತ್ತಿದ್ದೆ. ಹಿಂದೆಮುಂದೆ ನೋಡದೆ 20 ಚೀಲ ಇಳಿಸಿಕೊಂಡೆ. ಬಿಚ್ಚಿದರೆ ಅರ್ಧಕ್ಕರ್ಧ ಹಸಿರು ಸಿಪ್ಪೆ, ಬೆರಳುದ್ದ ಮೊಳಕೆ. ಫೋನ್ ಮಾಡಿ ಕೇಳಿದೆ. "ಹಂದಿ ತಾನೇ ಸ್ವಾಮಿ, ಏನು ಹಾಕಿದ್ರೂ ತಿನ್ನುತ್ತೆ" ಅಂದರು. ನಾನೂ ನಕ್ಕು ಸುಮ್ಮನಾದೆ.

ಹಸಿ ಆಲೂಗಡ್ಡೆ ಹಂದಿಗೆ ಸರಿಯಾಗಿ ಅರಗುವುದಿಲ್ಲ, ಬೇಯಿಸಬೇಕು ಅನ್ನೋದು ಗೊತ್ತಿತ್ತು. ಹಾಗಾಗಿ ಹಂಡೆಯಲ್ಲಿ ಬೇಯಿಸಿಯೇ ಕೊಟ್ಟೆ. ಸಾರ ಯಾಕೆ ಚೆಲ್ಲಬೇಕು ಅಂತ ಬೇಯಿಸಿದ ನೀರನ್ನೂ ಬೂಸಾಕ್ಕೆ ಕಲಸಿದೆ. ಇಷ್ಟು ಜಾಣತನ ಸಾಲದು ಅಂತ ಸೋಯಾ ಹಿಂಡಿಯನ್ನೂ ನಿಲ್ಲಿಸಿದೆ. ಹೊಟ್ಟೆ ತುಂಬುತ್ತಿದೆ ಅಲ್ವಾ, ಇನ್ನೇನು?

ನಾಲ್ಕನೇ ದಿನ ಮರಿಗಳು ಜೊಲ್ಲು ಸುರಿಸುತ್ತಾ ಮೂಲೆ ಹಿಡಿದವು. ಆಮೇಲೆ ಭೇದಿ ಶುರುವಾಯಿತು. ಡಾಕ್ಟರ್ ಬರುವಷ್ಟರಲ್ಲಿ ಒಂದು ಸತ್ತಿತ್ತು, ರಾತ್ರಿ ಇನ್ನೊಂದು ಹೋಯಿತು. ಮಿಕ್ಕವು ಚೇತರಿಸಿಕೊಂಡವು, ಆದರೆ ತೂಕ ಹಿಡಿಯಲು ಬಹಳ ದಿನ ಬೇಕಾಯಿತು.

ಡಾಕ್ಟರ್ ಹಂದಿಗಿಂತ ಮೊದಲು ಚೀಲ ನೋಡಿದರು. ಹಸಿರು ಸಿಪ್ಪೆಯಲ್ಲಿ, ಮೊಳಕೆಯಲ್ಲಿ ಸೊಲನಿನ್ ಅನ್ನೋ ವಿಷ ಜಾಸ್ತಿ ಇರುತ್ತದಂತೆ. ಬೇಯಿಸಿದರೆ ಅದು ಸಾಯುವುದಿಲ್ಲ, ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ ಅಷ್ಟೇ. ಆ ನೀರನ್ನೇ ನಾನು ಕುಡಿಸಿದ್ದೆ! ಇನ್ನೊಂದು ಮಾತೂ ಹೇಳಿದರು. ಬಿತ್ತನೆ ಗಡ್ಡೆಗೆ ಶಿಲೀಂಧ್ರನಾಶಕ ಪುಡಿ ಸವರಿರಬಹುದು. ಹಾಗಾಗಿ ಅದು ನೋಡಲು ಚೆನ್ನಾಗಿದ್ದರೂ ಬಾಯಿಗೆ ಹಾಕುವ ವಸ್ತುವಲ್ಲ.

ಅಷ್ಟಕ್ಕೂ ಅಗ್ಗವಾದರೂ ಆಗಿತ್ತಾ? ಆಲೂಗಡ್ಡೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ನೀರು. ಒಂದು ಕೆ.ಜಿ. ಜೋಳದ ಜಾಗ ತುಂಬಲು ನಾಲ್ಕರಿಂದ ಐದು ಕೆ.ಜಿ. ಗಡ್ಡೆ ಬೇಕು. 5 ರೂಪಾಯಿಯಂತೆ ಲೆಕ್ಕ ಹಾಕಿದರೆ ಅಲ್ಲಿಗೇ 20ರಿಂದ 25 ಆಯಿತು. ಸೌದೆ, ಆಟೋ ಬಾಡಿಗೆ ಬೇರೆ. ಇನ್ನು ಹಿಂಡಿ ನಿಲ್ಲಿಸಿದ್ದು ಎರಡನೇ ಪೆಟ್ಟು. ಬೆಳೆಯುವ ಮರಿಗೆ ಪ್ರೋಟೀನ್ ಬೇಕು, ಅದರಲ್ಲೂ ಪ್ರೋಟೀನ್‌ನಲ್ಲಿರುವ ಲೈಸಿನ್ ಅನ್ನೋ ಅಂಶ. ಜೋಳ, ಗಡ್ಡೆ ಎರಡರಲ್ಲೂ ಅದು ಕಮ್ಮಿ, ಸೋಯಾದಲ್ಲಿ ಚೆನ್ನಾಗಿದೆ.

ಆಲೂಗಡ್ಡೆಯೇ ಬೇಡ ಅಂತಲ್ಲ. ಹಸಿರಾಗದ, ಮೊಳೆಯದ ಊಟದ ಗಡ್ಡೆ ಅಗ್ಗಕ್ಕೆ ಸಿಕ್ಕರೆ ಈಗಲೂ ತರುತ್ತೇನೆ. ಬೇಯಿಸಿ, ನೀರು ಬಸಿದು, ಜೋಳದ ಒಂದು ಪಾಲಿನ ಬದಲಿಗೆ ಮಾತ್ರ ಹಾಕುತ್ತೇನೆ. ಚೀಲ ಬಿಚ್ಚಿ ನೋಡದೆ ದುಡ್ಡು ಕೊಡುವುದಿಲ್ಲ.

ಉಳಿದ ಚೀಲಗಳನ್ನು ತೋಟದ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದ್ದೆ. ಮಳೆ ಬಿದ್ದಿದ್ದೇ ತಡ, ಸೊಂಪಾಗಿ ಚಿಗುರಿದವು. ಆ ಸೊಪ್ಪಿನಲ್ಲೂ ಅದೇ ವಿಷ. ಹಂದಿ ಅತ್ತ ಹೋಗದ ಹಾಗೆ ಬೇಲಿ ಹಾಕಿಸಿದ ಖರ್ಚೂ ನನ್ನ ತಲೆ ಮೇಲೇ ಬಂತು.