ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿಯುವವರು ‘ದಿನ’ ಎಂದರೆ ಎಷ್ಟು ಹೊತ್ತೆಂದು ಮೊದಲೇ ಕೇಳಿಕೊಳ್ಳಿ

ಮೂವತ್ತೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದವನು ನಾನು. ಆ ಕಾರಣಕ್ಕೇ ಇದನ್ನು ಬರೆಯಲು ಒಂದೂವರೆ ತಿಂಗಳು ಹಿಂದೆಮುಂದೆ ನೋಡಿದೆ. ಮೂರು ದಿನದ ಪ್ರಯಾಣಕ್ಕೆ ಐದು ದಿನದ ಬಾಡಿಗೆ ತೆತ್ತೆನೆಂದು ಹೇಳಿಕೊಂಡರೆ ಹಳೆಯ ಸಹೋದ್ಯೋಗಿಗಳು ನಗುತ್ತಾರೆ ಎಂಬುದು ಗೊತ್ತು. ನಗಲಿ. ಮುಂದಿನ ರಜೆಯಲ್ಲಿ ಇನ್ನೊಂದು ಕುಟುಂಬ ಇದೇ ಹಳ್ಳಕ್ಕೆ ಬೀಳುವುದು ತಪ್ಪಿದರೆ ಸಾಕು.

ಕಳೆದ ಡಿಸೆಂಬರಿನಲ್ಲಿ ನಾವು ಹನ್ನೊಂದು ಮಂದಿ ಬೆಂಗಳೂರಿನಿಂದ ಮಲೆನಾಡಿಗೆ ಹೊರಟೆವು. ಎಪ್ಪತ್ತೆಂಟು ವರ್ಷದ ನನ್ನ ತಾಯಿ, ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ತಂಗಿಯ ಮನೆಯ ನಾಲ್ವರು. ಇದು ಊರು ನೋಡುವುದಕ್ಕಿಂತ ಹೆಚ್ಚಾಗಿ ಸ್ನೇಹಿತರ ಮನೆಗಳಿಗೆ ಹೋಗುವ ಪ್ರಯಾಣ. ಸಾಗರದಲ್ಲಿ ಒಬ್ಬ, ಶಿರಸಿಯ ಬಳಿಯ ಹಳ್ಳಿಯಲ್ಲಿ ಇನ್ನೊಬ್ಬ, ಇಬ್ಬರೂ ಕಾಲೇಜಿನ ದಿನಗಳಲ್ಲಿ ನನ್ನೊಂದಿಗೆ ಒಂದೇ ಕೋಣೆಯಲ್ಲಿದ್ದವರು. ಅವರ ಮನೆಗೆ ಬರುತ್ತೇನೆಂದು ಹೇಳಿ ಹೇಳಿ ಹದಿನೈದು ವರ್ಷ ಕಳೆದಿತ್ತು. ಕೊನೆಗೆ ಗೋಕರ್ಣ ನೋಡಿಕೊಂಡು ವಾಪಸಾಗುವುದೆಂದು ತೀರ್ಮಾನಿಸಿದ್ದೆವು.

ಟ್ರಾವೆಲ್ಸಿನ ಹೆಸರನ್ನು ನಾನು ಬರೆಯುವುದಿಲ್ಲ. ಫೋನಿನಲ್ಲಿ ಮಾತನಾಡಿದ ಮಾಲೀಕರು ಬಹಳ ಸೌಜನ್ಯದ ಮನುಷ್ಯ. “ಕಿಲೋಮೀಟರಿಗೆ 22 ರೂಪಾಯಿ ಸರ್, ದಿನಕ್ಕೆ ಮಿನಿಮಮ್ 300 ಕಿಲೋಮೀಟರ್, ಡ್ರೈವರ್ ಬಾಟಾ 500, ಟೋಲು ಪಾರ್ಕಿಂಗು ನಿಮ್ಮದು” ಎಂದರು. ಅಂದರೆ ಗಾಡಿ ಕಡಿಮೆ ಓಡಿದರೂ ದಿನಕ್ಕೆ 300 ಕಿಲೋಮೀಟರಿನ ದುಡ್ಡು ಕೊಡಲೇಬೇಕು, ಬಾಟಾ ಎಂದರೆ ಡ್ರೈವರಿನ ದಿನದ ಭತ್ಯೆ. ಹೊರಗಿನ ಊರಿಗೆ ಗಾಡಿ ಮಾಡಿದವರಿಗೆಲ್ಲ ಈ ಮಾತು ಬಾಯಿಪಾಠವಾಗಿರುತ್ತದೆ, ನನಗೂ ಆಗಿತ್ತು. ನಾನು ಸ್ಪಷ್ಟವಾಗಿ ಹೇಳಿದೆ: “ಗುರುವಾರ ರಾತ್ರಿ ಊಟ ಮುಗಿಸಿ ಹತ್ತೂವರೆಗೆ ಹೊರಡುತ್ತೇವೆ, ಭಾನುವಾರ ರಾತ್ರಿ ಮನೆಗೆ ಬಂದುಬಿಡುತ್ತೇವೆ, ಒಟ್ಟು ಮೂರು ದಿನ.” ಅದಕ್ಕೆ ಅವರು ಹೇಳಿದ್ದು “ಆಯ್ತು ಸರ್” ಎಂದು ಮಾತ್ರ. ಈ “ಆಯ್ತು ಸರ್” ಅನ್ನು ದಯವಿಟ್ಟು ನೆನಪಿನಲ್ಲಿಡಿ. 8,000 ರೂಪಾಯಿ ಮುಂಗಡ ಕಳಿಸಿದೆ. ಬರವಣಿಗೆಯಲ್ಲಿ ಏನನ್ನೂ ಕೇಳಲಿಲ್ಲ. ಮೂವತ್ತೊಂದು ವರ್ಷ ಲೆಕ್ಕಪತ್ರ ನೋಡಿದವನು ಕೇಳಲಿಲ್ಲ.

ಬಂದ ಗಾಡಿ ಫೋಟೋದಲ್ಲಿ ತೋರಿಸಿದ ಗಾಡಿಯಾಗಿರಲಿಲ್ಲ, ಸೀಟುಗಳು ಹಿಂದಕ್ಕೆ ಬಾಗುತ್ತಿರಲಿಲ್ಲ, ಘಟ್ಟ ಬಂದಾಗಲೆಲ್ಲ ಏಸಿ ನಿಲ್ಲುತ್ತಿತ್ತು. ಇವೆಲ್ಲ ಇದ್ದದ್ದೇ ಎಂದು ಸುಮ್ಮನಾದೆ. ತುಮಕೂರು, ಅರಸೀಕೆರೆ, ಕಡೂರು, ಶಿವಮೊಗ್ಗ ದಾಟಿ ಬೆಳಗಿನ ಜಾವಕ್ಕೆ ಸಾಗರ ತಲುಪಿದಾಗ ಗೆಳೆಯನ ಮನೆಯಲ್ಲಿ ಹಂಡೆಯ ಬಿಸಿನೀರು, ಕಾಫಿ ಎಲ್ಲವೂ ಕಾದಿದ್ದವು. ತಾಯಿಗೆ ಸಿಗಂದೂರು ಚೌಡೇಶ್ವರಿಯ ದರ್ಶನ ಮಾಡಬೇಕೆಂಬ ಹಳೆಯ ಆಸೆ. ಹಿಂದೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು, 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ಕಷ್ಟವೂ ಇಲ್ಲ, ಸಾಗರದಿಂದ ಹೆಚ್ಚೆಂದರೆ ನಲವತ್ತು ಕಿಲೋಮೀಟರ್. ಡ್ರೈವರ್ ಒಪ್ಪಲಿಲ್ಲ. “ನಮ್ಮ ಓನರ್ ಹೇಳಿದ ರೂಟಿನಲ್ಲಿ ಅದಿಲ್ಲ ಸರ್” ಎಂದ. ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುವ ನಮಗೆ ರೂಟು ಎಂತಹುದು ಎಂದು ಕೇಳಬೇಕಿತ್ತು. ಗೆಳೆಯನ ಮನೆಯಂಗಳದಲ್ಲಿ ಜಗಳ ಬೇಡವೆಂದು ಕೇಳಲಿಲ್ಲ. ಜೋಗ ನೋಡಿಕೊಂಡು ಶಿರಸಿಯ ದಾರಿ ಹಿಡಿದೆವು. ಕನ್ನಡ ಅಧ್ಯಾಪಕಿಯಾಗಿ ನಿವೃತ್ತಳಾದ ತಂಗಿ ಕದಂಬರ ಬನವಾಸಿಯನ್ನು ಒಮ್ಮೆ ನೋಡಬೇಕೆಂದಳು. ಶಿರಸಿಯಿಂದ ಇಪ್ಪತ್ಮೂರು ಕಿಲೋಮೀಟರ್ ದೂರದ ಆ ಊರಿಗೂ ಅದೇ ಉತ್ತರ ಬಂತು, “ರೂಟಿನಲ್ಲಿಲ್ಲ”. ಹೊನ್ನಾವರದಿಂದ ಮುರುಡೇಶ್ವರಕ್ಕೆ ಹೋಗಿಬರೋಣ ಎಂದಾಗ “ಭಾನುವಾರ ಬಹಳ ರಶ್ ಸರ್, ಬೆಂಗಳೂರು ಲೇಟಾಗುತ್ತೆ” ಎಂದ. ಲೇಟಾಗುತ್ತದಂತೆ! ಆ ಮಾತನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಶಿರಸಿಯ ಗೆಳೆಯನ ಮನೆ ಅಡಿಕೆ ತೋಟದ ಒಳಗಿದೆ, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಇದನ್ನು ಗಾಡಿ ಗೊತ್ತುಮಾಡುವಾಗಲೇ ತಿಳಿಸಿದ್ದೆ, ಆಗಲೂ “ಆಯ್ತು ಸರ್” ಎಂದಿದ್ದರು. ತಿರುವಿಗೆ ಬಂದಾಗ ಡ್ರೈವರ್ ಇಂಜಿನ್ ನಿಲ್ಲಿಸಿ “ಕೆಳಗೆ ತಾಗುತ್ತೆ, ನಾನು ಒಳಗೆ ಬರಲ್ಲ” ಎಂದುಬಿಟ್ಟ. ಅದೇ ದಾರಿಯಲ್ಲಿ ಅಡಿಕೆ ತುಂಬಿದ ಲಾರಿಯೊಂದು ನಮ್ಮ ಕಣ್ಣೆದುರೇ ಹೊರಗೆ ಬಂತು. ಕೊನೆಗೆ ಗೆಳೆಯ ತನ್ನ ಜೀಪು ತಂದು ಎರಡು ಸಲ ಓಡಾಡಿ ನಮ್ಮೆಲ್ಲರನ್ನೂ ಚೀಲಗಳ ಸಮೇತ ಕರೆದುಕೊಂಡು ಹೋದ. ತಾಯಿಯನ್ನು ಜೀಪಿಗೆ ಹತ್ತಿಸುವಷ್ಟರಲ್ಲಿ ಸಾಕುಸಾಕಾಯಿತು.

ಮರುದಿನ ಬೆಳಿಗ್ಗೆ ಶಾಲ್ಮಲೆಯ ಸಹಸ್ರಲಿಂಗಕ್ಕೆ ಹೋಗಿಬಂದು ಊಟಕ್ಕೆ ಕುಳಿತಿದ್ದೆವು. ಬಾಳೆಯೆಲೆಯ ಮೇಲೆ ತಂಬುಳಿ, ಅಪ್ಪೆಹುಳಿ, ತೊಡೆದೇವು, ಮೊಮ್ಮಕ್ಕಳ ಗಲಾಟೆ. ಆಗ ಡ್ರೈವರ್ ನಡೆದುಕೊಂಡು ಅಂಗಳಕ್ಕೆ ಬಂದು, ಜಗಲಿಯಲ್ಲಿ ಎಲ್ಲರೆದುರು, “ಡೀಸೆಲ್‌ಗೆ ಹತ್ತು ಸಾವಿರ ಬೇಕಂತೆ, ಕೊಡದಿದ್ದರೆ ಗಾಡಿ ತೆಗೆಯಬೇಡ ಅಂದಿದ್ದಾರೆ ಓನರ್” ಎಂದ. ಆ ಹಳ್ಳಿಯಲ್ಲಿ ನನ್ನ ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ, ಹಣ ಕಳಿಸುವ ದಾರಿಯಿಲ್ಲ, ಜೇಬಿನಲ್ಲಿ ಅಷ್ಟು ನಗದಿಲ್ಲ. ನಾನು ಎಂಜಲು ಕೈಯಲ್ಲಿ ಎದ್ದು ನಿಂತಿದ್ದೆ. ಗೆಳೆಯ ಒಂದು ಮಾತೂ ಆಡದೆ ಒಳಗೆ ಹೋಗಿ ನೋಟುಗಳನ್ನು ತಂದು ಡ್ರೈವರ್ ಕೈಗಿಟ್ಟ. ಹದಿನೈದು ವರ್ಷದ ನಂತರ ಮನೆಗೆ ಬಂದ ಸ್ನೇಹಿತ ಸಾಲ ಮಾಡಿ ಊಟ ಮುಗಿಸಿದ ಹಾಗಾಯಿತು.

ಇನ್ನು ಭಾನುವಾರದ ರಾತ್ರಿ. ಗೋಕರ್ಣದಿಂದ ಬೆಳಿಗ್ಗೆ ಒಂಬತ್ತೂವರೆಗೆ ಹೊರಟವರು ರಾತ್ರಿ ಹತ್ತೂಕಾಲಿಗೆ ತುಮಕೂರು ದಾಟಿ ಕ್ಯಾತ್ಸಂದ್ರಕ್ಕೆ ಬಂದಿದ್ದೆವು. ಅಲ್ಲಿಂದ ನಮ್ಮ ಮನೆಗೆ ಒಂದೂಕಾಲು ಗಂಟೆಯ ದಾರಿ, ಅಂದರೆ ಹನ್ನೊಂದೂವರೆಗೆ ಮನೆ. ದಿನವಿಡೀ ಹತ್ತು ನಿಮಿಷ ನಿಲ್ಲಿಸಿದರೂ ಹಾರ್ನ್ ಹೊಡೆದು ಕರೆಯುತ್ತಿದ್ದ ಡ್ರೈವರ್ ಹೆದ್ದಾರಿ ಬದಿಯ ಹೋಟೆಲಿನ ಮುಂದೆ ತಾನಾಗಿಯೇ ಗಾಡಿ ನಿಲ್ಲಿಸಿದ. “ಕಣ್ಣು ಎಳೀತಾ ಇದೆ ಸರ್, ಸ್ವಲ್ಪ ರೆಸ್ಟ್ ತಗೋತೀನಿ.” ಹನ್ನೊಂದು ಜೀವ ಅವನ ಕೈಯಲ್ಲಿತ್ತು, ಬೇಡವೆನ್ನುವುದು ಹೇಗೆ? ನಾನೇ ಇಳಿದು ಅವನಿಗೆ ಎರಡು ತಟ್ಟೆ ಇಡ್ಲಿ, ಟೀ ಹೇಳಿದೆ. ಗಡಿಬಿಡಿ ಮಾಡಬೇಡ, ನಿಧಾನವಾಗಿ ತಿನ್ನಪ್ಪ ಎಂದೆ. ಹೌದು, ನಾನೇ ಹೇಳಿದೆ. ಅವನು ನಿಧಾನವಾಗಿಯೇ ತಿಂದ, ಮುಖ ತೊಳೆದ, ಫೋನಿನಲ್ಲಿ ಯಾರೊಂದಿಗೋ ಮಾತನಾಡಿದ, ಟೈರು ಒದ್ದು ನೋಡಿದ, ಹನ್ನೊಂದು ದಾಟಿ ಐದು ನಿಮಿಷಕ್ಕೆ ಗಾಡಿ ಹತ್ತಿದ. ನಮ್ಮ ಮನೆಯ ಗೇಟಿನ ಮುಂದೆ ಬಂದು ನಿಂತಾಗ ಹನ್ನೆರಡು ಇಪ್ಪತ್ತು.

ಇಳಿದವನು ಡಿಕ್ಕಿಯ ಬಾಗಿಲು ತೆಗೆಯಲಿಲ್ಲ. ಟ್ರಿಪ್ ಶೀಟ್ ಮುಂದೆ ಹಿಡಿದು “ಐದು ದಿನ ಸರ್” ಎಂದ. ಅವನಿಗೆ ನಿದ್ದೆಗಣ್ಣು, ತಪ್ಪಿ ಹೇಳುತ್ತಿದ್ದಾನೆ ಎಂದುಕೊಂಡು ನಕ್ಕೆ ಕೂಡ. ಅವನು ನಗಲಿಲ್ಲ. ಮಾಲೀಕರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಹೊತ್ತಿನಲ್ಲಿ ಮೊದಲ ರಿಂಗಿಗೇ ಫೋನ್ ಎತ್ತಿದರು, ಕಾದು ಕುಳಿತಿದ್ದವರ ಹಾಗೆ.

“ಗುರುವಾರ ಒಂದು, ಶುಕ್ರವಾರ ಎರಡು, ಶನಿವಾರ ಮೂರು, ಭಾನುವಾರ ನಾಲ್ಕು, ಈಗ ಸೋಮವಾರ ಆಯ್ತಲ್ಲ ಸರ್, ಐದು.”

ಗುರುವಾರ ನಾವು ಗಾಡಿಯಲ್ಲಿದ್ದದ್ದು ಒಂದೂವರೆ ಗಂಟೆ ಎಂದೆ.

“ಹನ್ನೆರಡಕ್ಕೆ ದಿನ ಬದಲಾಗುತ್ತೆ ಸರ್, ಕ್ಯಾಲೆಂಡರ್ ಲೆಕ್ಕ. ಎಲ್ಲಾ ಕಡೆ ಅದೇ ರೂಲ್ಸು.”

ಮೊದಲೇ ಏಕೆ ಹೇಳಲಿಲ್ಲ, ಮೂರು ದಿನ ಎಂದಾಗ ಆಯ್ತು ಎಂದಿರಲ್ಲ ಎಂದೆ.

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಸರ್. ದೊಡ್ಡವರು, ಓದಿದವರು.”

ನಿಮ್ಮ ಡ್ರೈವರೇ ಕ್ಯಾತ್ಸಂದ್ರದಲ್ಲಿ ಐವತ್ತು ನಿಮಿಷ ಕುಳಿತ ಎಂದರೆ, “ಡ್ರೈವರಿಗೆ ನಿದ್ದೆ ಬಂದು ಆಕ್ಸಿಡೆಂಟ್ ಆಗಿದ್ದರೆ ಏನು ಮಾಡ್ತಿದ್ರಿ ಸರ್?” ಎಂದು ನನ್ನನ್ನೇ ಕೇಳಿದರು. ಈ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ. ಅಷ್ಟರಲ್ಲಿ ಎದುರು ಮನೆಯ ದೀಪ ಹತ್ತಿತು. ತಾಯಿ ಗಾಡಿಯೊಳಗೇ ನಿದ್ದೆ ಮಾಡುತ್ತಿದ್ದರು, ಅವರ ಔಷಧದ ಚೀಲ ಡಿಕ್ಕಿಯಲ್ಲಿತ್ತು, ಸೊಸೆ ತಲೆ ತಗ್ಗಿಸಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಕೊಟ್ಟುಬಿಡಿ ಎಂದಳು ಹೆಂಡತಿ. ಹನ್ನೆರಡು ಐವತ್ತಕ್ಕೆ ಉಳಿದ 19,840 ರೂಪಾಯಿಗಳನ್ನು ಮೊಬೈಲಿನಿಂದ ಕಳಿಸಿದೆ. ಹಣ ಬಂತೆಂದು ಅತ್ತಲಿಂದ ಫೋನ್ ಬಂದ ಮೇಲೆ ಡಿಕ್ಕಿ ತೆರೆಯಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ, ಕಾಗದ ತೆಗೆದು ಲೆಕ್ಕ ಹಾಕಿದೆ. ಗಾಡಿ ನಿಜವಾಗಿ ಓಡಿದ್ದು 1,118 ಕಿಲೋಮೀಟರ್. ಅದಕ್ಕೆ 24,596 ರೂಪಾಯಿ, ಮೂರು ದಿನದ ಬಾಟಾ 1,500, ಒಟ್ಟು 26,096. ಅವರ ಬಿಲ್ಲಿನಲ್ಲಿ ಐದು ದಿನಕ್ಕೆ 1,500 ಕಿಲೋಮೀಟರ್ ಮಿನಿಮಮ್ ಎಂದು 33,000, ಐದು ಬಾಟಾ 2,500, ಬಾಯಿಮಾತಿನಲ್ಲೂ ಬಾರದಿದ್ದ ‘ನೈಟ್ ಚಾರ್ಜ್’ ಎರಡು ರಾತ್ರಿಗೆ 1,000, ಒಟ್ಟು 36,500. ಟೋಲು, ಪಾರ್ಕಿಂಗಿನ 1,340 ಬೇರೆ, ಅದರಲ್ಲಿ ತಕರಾರಿಲ್ಲ. ಗುರುವಾರದ ದಿನವನ್ನು ಹಾಳಾಗಿ ಹೋಗಲಿ ಎಂದು ಬಿಟ್ಟರೂ, ಸೋಮವಾರದ ಇಪ್ಪತ್ತು ನಿಮಿಷದ ಬೆಲೆ 300 ಕಿಲೋಮೀಟರಿನ 6,600 ಮತ್ತು ಒಂದು ಬಾಟಾ ಸೇರಿ 7,100 ರೂಪಾಯಿ. ಆ ಇಪ್ಪತ್ತು ನಿಮಿಷಕ್ಕೆ ತಟ್ಟೆ ಇಡ್ಲಿ ಕೊಡಿಸಿದವನೂ ನಾನೇ.

ಇದಕ್ಕಿಂತ ಹೆಚ್ಚು ನೋವಾದ ಸಂಗತಿ ಬೆಳಗಿನ ಜಾವ ಹೊಳೆಯಿತು. 1,500 ಕಿಲೋಮೀಟರಿನ ದುಡ್ಡು ಹೇಗೂ ಬರುವುದೆಂದು ಅವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಹಾಗಾಗಿ ನಾವು ನೋಡದೆ ಬಿಟ್ಟ ಒಂದೊಂದು ಊರೂ ಅವರಿಗೆ ಉಳಿದ ಡೀಸೆಲ್. ಸಿಗಂದೂರು, ಬನವಾಸಿ, ಮುರುಡೇಶ್ವರ ಮೂರನ್ನೂ ಸೇರಿಸಿದರೆ ಹೋಗಿಬರಲು ನೂರ ಎಂಬತ್ತು ಕಿಲೋಮೀಟರ್ ಆಗುತ್ತಿತ್ತು. ಅವನ್ನೆಲ್ಲ ನೋಡಿದ್ದರೂ 1,300 ದಾಟುತ್ತಿರಲಿಲ್ಲ, ಬಾಡಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚುತ್ತಿರಲಿಲ್ಲ. ಓಡದ 382 ಕಿಲೋಮೀಟರಿಗೆ ಹಣ ಕೊಟ್ಟು, ತಾಯಿಗೆ ದೇವಿಯ ದರ್ಶನ ತಪ್ಪಿಸಿದೆ. ದುಡ್ಡಿನ ವಿಷಯ ಮರೆತರೂ ಇದನ್ನು ಮರೆಯಲಾರೆ.

ಎರಡು ದಿನ ಬಿಟ್ಟು ಇದೇ ಲೆಕ್ಕವನ್ನು ಮಾಲೀಕರಿಗೆ ಬರೆದು ಕಳಿಸಿದೆ. ಬಂದ ಉತ್ತರ: “ಸರ್, ನೆಕ್ಸ್ಟ್ ಟ್ರಿಪ್‌ನಲ್ಲಿ ಅಡ್ಜಸ್ಟ್ ಮಾಡೋಣ.” ಜೊತೆಗೆ ಕೈಮುಗಿದ ಚಿತ್ರ. ಇನ್ನೊಮ್ಮೆ ಬರೆದಾಗ “ಆಗಲೇ ಪೇಮೆಂಟ್ ಮಾಡಿದ್ದೀರಲ್ಲ ಸರ್, ಒಪ್ಪಿಕೊಂಡ ಹಾಗೇ ಅಲ್ವಾ” ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಕರಾರಿನ ಕಾಗದ ಇದೆಯೇ ಎಂದು ಅವರು ಕೇಳಿದಾಗ ನನ್ನ ಬಳಿ ತೋರಿಸಲು ಇದ್ದದ್ದು ಮುಂಗಡ ಕಳಿಸಿದ ರಸೀದಿ ಒಂದೇ.

ಹನ್ನೆರಡು ಗಂಟೆಗೆ ದಿನ ಎಣಿಸುವ ಪದ್ಧತಿ ಈ ವ್ಯಾಪಾರದಲ್ಲಿ ಇದೆ ಎಂದು ಆಮೇಲೆ ನಾಲ್ಕು ಜನ ಹೇಳಿದರು, ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಇದ್ದರೆ ಬಾಯಿಬಿಟ್ಟು ಹೇಳಬೇಕಿತ್ತು. ನೀವು ರಾತ್ರಿ ಹೊರಡುವವರಾದರೆ ಹನ್ನೆರಡು ದಾಟಿದ ಮೇಲೆಯೇ ಗಾಡಿ ಕರೆಸಿಕೊಳ್ಳಿ, ಎಷ್ಟು ದಿನ, ಎಷ್ಟು ಕಿಲೋಮೀಟರ್ ಎಂಬುದನ್ನು ಅವರ ಕೈಯಿಂದಲೇ ಸಂದೇಶದಲ್ಲಿ ಬರೆಸಿಕೊಳ್ಳಿ, ಹೊರಡುವಾಗ ಮೀಟರಿನ ಫೋಟೋ ತೆಗೆಯಿರಿ. ಮನೆ ಮುಟ್ಟಿದ ಕೂಡಲೇ ಮೊದಲು ಸಾಮಾನು ಇಳಿಸಿ, ಆಮೇಲೆ ಬಿಲ್ಲಿನ ಮಾತು. ಕೊನೆಯ ಒಂದು ಗಂಟೆಯಲ್ಲಿ ಡ್ರೈವರಿಗೆ ಹಸಿವೆಯಾದರೆ ಇಡ್ಲಿಯನ್ನು ಕಟ್ಟಿಸಿಕೊಡಿ.

ಕಳೆದ ವಾರ ಶಿರಸಿಯ ಗೆಳೆಯನಿಗೆ ಅವನ ಹತ್ತು ಸಾವಿರ ಕಳಿಸಿ ಫೋನ್ ಮಾಡಿದೆ. ಒಟ್ಟು ಎಷ್ಟಾಯಿತೆಂದು ಕೇಳಿದ. ಬಾಯಿಗೆ ನಿಜ ಬರಲಿಲ್ಲ, ಇಪ್ಪತ್ತೇಳು ಸಾವಿರ ಎಂದೆ. “ಅಡ್ಡಿಲ್ಲ ಮಾರಾಯ, ಸರಿಯಾದ ರೇಟೇ. ಏಪ್ರಿಲ್‌ನಲ್ಲಿ ಮಗಳ ಮನೆಯವರೆಲ್ಲ ಸೇರಿ ಇತ್ತ ಬರಬೇಕು ಅಂತಿದ್ದಾರೆ, ಆ ಟ್ರಾವೆಲ್ಸಿನವರ ನಂಬರ್ ಕಳಿಸು” ಎಂದ. ನಂಬರಿನ ಬದಲು ಅವನಿಗೆ ಇದನ್ನೇ ಕಳಿಸುತ್ತಿದ್ದೇನೆ.