ವೋಲ್ಕ್ 20ಡಿ ಲೆನ್ಸ್: ರೆಟಿನಾ ಕಲಿಯುವವರಿಗೆ ಮೊದಲು ಬೇಕಾದದ್ದು

ರೆಟಿನಾ (ಕಣ್ಣಿನ ಹಿಂಭಾಗದ ಬೆಳಕು ಗ್ರಹಿಸುವ ಪದರ) ವಿಭಾಗಕ್ಕೆ ಕಾಲಿಡುವ ವೈದ್ಯರು ಮೊದಲು ಕೊಳ್ಳಬೇಕಾದದ್ದು ವೋಲ್ಕ್ ಕಂಪನಿಯ ಈ 20ಡಿ (20 ಡಯಾಪ್ಟರ್ ಶಕ್ತಿಯ) ಲೆನ್ಸನ್ನೇ. ಇಂಡೈರೆಕ್ಟ್ ಆಫ್ತಾಲ್ಮೋಸ್ಕೋಪ್ (ವೈದ್ಯರು ತಲೆಗೆ ಧರಿಸಿ ಕಣ್ಣಿನೊಳಗೆ ನೋಡುವ ದೀಪವಿರುವ ಸಾಧನ) ಜೊತೆ ಹಿಡಿದರೆ ರೆಟಿನಾ ಸುಮಾರು 3 ಪಟ್ಟು ದೊಡ್ಡದಾಗಿ, 46 ಡಿಗ್ರಿ ವ್ಯಾಪ್ತಿಯಲ್ಲಿ ಕಾಣುತ್ತದೆ. ಬಿಂಬ ತಲೆಕೆಳಗು, ಎಡಬಲ ಅದಲುಬದಲು; ಕಂಡದ್ದರ ಚಿತ್ರ ಬರೆಯುವ ಕಾಗದವನ್ನೇ ತಿರುಗಿಸಿಟ್ಟುಕೊಂಡರೆ ಗೊಂದಲವಿಲ್ಲ.

ಬೆಳ್ಳಿಬಣ್ಣದ ಅಂಚು ರೋಗಿಯ ಕಡೆಗಿರಲಿ. ಮೊದಲು ಪಾಪೆಯಲ್ಲಿ ಕೆಂಪು ಹೊಳಪು ಹಿಡಿಯಿರಿ. ಲೆನ್ಸನ್ನು ಕಣ್ಣಿನ ಹತ್ತಿರ ತಂದು, ಬಿಂಬ ಲೆನ್ಸಿನ ತುಂಬ ಹರಡುವವರೆಗೆ, ಅಂದರೆ ಸುಮಾರು 5 ಸೆಂ.ಮೀ. ದೂರಕ್ಕೆ, ನಿಧಾನವಾಗಿ ಹಿಂದಕ್ಕೆಳೆಯಿರಿ. ಬೆರಳನ್ನು ರೋಗಿಯ ಹಣೆಗೋ ಕೆನ್ನೆಗೋ ಊರದಿದ್ದರೆ ಕೈ ಅಲುಗಿ ಬಿಂಬ ಜಾರಿಹೋಗುತ್ತದೆ. ಹೊಸಬರು ಎಡವುವುದು ಇಲ್ಲೇ. ಬೆಳಕಿನ ಪ್ರತಿಫಲನ ಅಡ್ಡ ಬಂದರೆ ಲೆನ್ಸನ್ನು ತುಸು ಓರೆ ಮಾಡಿದರೆ ಸಾಕು.

ಎಲ್ಲಕ್ಕೂ ಇದೊಂದೇ ಸಾಲದು. ಪಾಪೆ ಚಿಕ್ಕದಿದ್ದಾಗ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ನೋಡುವಾಗ 28ಡಿ ವಾಸಿ: ಬಿಂಬ ಚಿಕ್ಕದು, ವ್ಯಾಪ್ತಿ ಹೆಚ್ಚು. ಮ್ಯಾಕ್ಯುಲಾದ (ರೆಟಿನಾದ ನಡುಭಾಗದ) ಸೂಕ್ಷ್ಮ ಊತ ಪತ್ತೆಗೆ ದಯವಿಟ್ಟು 20ಡಿಯನ್ನು ನೆಚ್ಚಬೇಡಿ. ಅದಕ್ಕೆ ಸ್ಲಿಟ್ ಲ್ಯಾಂಪ್ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ಮತ್ತು 78ಡಿ ಅಥವಾ 90ಡಿ ಲೆನ್ಸ್ ಬೇಕು.

ಲೆನ್ಸಿನ ಮೇಲೆ ಧೂಳಿದ್ದಾಗ ಒಣಬಟ್ಟೆಯಲ್ಲಿ ಉಜ್ಜಿದರೆ ಲೇಪನಕ್ಕೆ ಗೀರು ಬೀಳುತ್ತದೆ. ಸೌಮ್ಯ ಸೋಪುನೀರಿನಲ್ಲಿ ತೊಳೆದು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಒರೆಸಿ.