ವಾರಕ್ಕೊಮ್ಮೆ ಹಚ್ಚುವ ಅಮೊರೊಲ್ಫಿನ್ ಲ್ಯಾಕರ್: ಔಷಧಿಗೆ ಒಳ್ಳೆ ಅಂಕ, ಮುಚ್ಚಳಕ್ಕೆ ಸೊನ್ನೆ

ಉಗುರಿನ ಫಂಗಸ್‌ಗೆ ನೇಲ್ ಪಾಲಿಶ್‌ನಂತೆ ಹಚ್ಚುವ ಔಷಧಿ ಈ ಲ್ಯಾಕರ್. ಮೊದಲು ಮುಚ್ಚಳದ ವಿಷಯ ಹೇಳಿಬಿಡುತ್ತೇನೆ. ಈ ಬಾಟಲಿಯ ಕತ್ತಿಗೆ ಒಂದು ಹನಿ ಲ್ಯಾಕರ್ ಅಂಟಿದರೂ ಸಾಕು, ಮುಂದಿನ ವಾರ ಮುಚ್ಚಳ ತಿರುಗುವುದೇ ಇಲ್ಲ. ಒಳಗಿನ ಸ್ಪಿರಿಟ್ ಹಾರಿಹೋಗಿ ಉಳಿದದ್ದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಸ್ಪ್ಯಾಚುಲಾವನ್ನು, ಅಂದರೆ ಔಷಧಿ ಹಚ್ಚುವ ಸಣ್ಣ ಕಡ್ಡಿಯನ್ನು, ಬಾಟಲಿಯ ಅಂಚಿಗೆ ಒರೆಸಬೇಡಿ ಅಂತ ಒಳಗಿನ ಚೀಟಿ ಹೇಳುತ್ತದೆ. ಸರಿ, ಒರೆಸಲಿಲ್ಲ. ಆದರೆ ಅಷ್ಟು ಕಿರಿದಾದ ಬಾಯಿಯಿಂದ ಹೊರಗೆ ತೆಗೆಯುವಾಗ ತಾಗುತ್ತದಲ್ವಾ? ಬಿಸಿ ಮಾಡಿ ಸಡಿಲಿಸೋಣ ಅಂದರೆ ಅದೂ ಆಗದು, ಬೆಂಕಿ ಹತ್ತುವ ದ್ರವ ಅದು. ಕಾಲಿನ ಉಗುರಿಗೆ 9ರಿಂದ 12 ತಿಂಗಳು ಹಚ್ಚಬೇಕಾದ ಔಷಧಿ ಇದು. ಅಷ್ಟು ಕಾಲ ತೆರೆದು ಮುಚ್ಚುವ ಬಾಟಲಿಯನ್ನು ಹೀಗೆ ಮಾಡಿದರೆ ಕೋಪ ಬರದೆ ಇರುತ್ತದಾ?

ಇನ್ನು ಔಷಧಿಯ ವಿಷಯ. ನನ್ನ ಎರಡೂ ಹೆಬ್ಬೆರಳ ಉಗುರಿಗೆ ತುದಿಯ ಮೂಲೆಯಿಂದ ಹಳದಿ ಬಣ್ಣ ಶುರುವಾಗಿ ಬುಡದ ಕಡೆಗೆ ಸರಿಯುತ್ತಿತ್ತು. ಉಗುರು ದಪ್ಪವಾಯಿತು. ಕತ್ತರಿಸಿದರೆ ಅಡಿಯಿಂದ ಒಣ ಪುಡಿ ಉದುರುತ್ತಿತ್ತು. ನೋವಿರಲಿಲ್ಲ. ಇವೆಲ್ಲ ಫಂಗಸ್‌ನ ಲಕ್ಷಣಗಳೇ. ಆದರೂ ಬರೀ ಕಣ್ಣಿಗೆ ಕಂಡದ್ದನ್ನು ನಂಬಿ ಲ್ಯಾಕರ್ ಕೊಳ್ಳಬೇಡಿ. ಕೆಟ್ಟಂತೆ ಕಾಣುವ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಫಂಗಸ್‌ನಿಂದ ಆದವು. ಬಿಗಿ ಶೂ ಉಗುರನ್ನು ಪದೇ ಪದೇ ಒತ್ತಿದರೂ ಹೀಗೇ ಆಗುತ್ತದೆ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದ್ದರೂ ಉಗುರು ಹಳದಿಯಾಗಿ ಎದ್ದು ನಿಲ್ಲುತ್ತದೆ, ಜೊತೆಗೆ ಕೈ ಉಗುರಿನ ಮೇಲೆ ಸೂಜಿಮೊನೆಯಷ್ಟು ಗುಳಿಗಳೂ ಇರಬಹುದು. ಉಗುರಿನ ಉದ್ದಕ್ಕೂ ಕಪ್ಪು ಅಥವಾ ಕಂದು ಗೆರೆ ಹೊಸದಾಗಿ ಕಾಣಿಸಿಕೊಂಡು ಅಗಲವಾಗುತ್ತಿದ್ದರೆ ಲ್ಯಾಕರ್ ಯೋಚನೆಯನ್ನೇ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಅದು ಉಗುರಿನ ಕೆಳಗಿನ ಕ್ಯಾನ್ಸರ್ ಕೂಡ ಆಗಿರಬಹುದು.

ನನ್ನ ಡಾಕ್ಟರು ಉಗುರಿನ ಚೂರು, ಅಡಿಯ ಪುಡಿ ಎರಡನ್ನೂ ತೆಗೆದು ಲ್ಯಾಬಿಗೆ ಕಳಿಸಿದರು. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಲ್ಚರ್ ಮಾಡಿದರೆ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡಿದರೆ, ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು, ಈ ಫಂಗಸ್ ಬೆಳೆಯುವುದೇ ಅಷ್ಟು ನಿಧಾನ. ಔಷಧಿ ಶುರು ಮಾಡುವ ಮೊದಲೇ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹಚ್ಚಿದ ಮೇಲೆ ಕೊಟ್ಟ ಚೂರಿನಲ್ಲಿ ಫಂಗಸ್ ಸಿಗದೆ ಹೋಗಬಹುದು. ನನ್ನದರಲ್ಲಿ ಸಿಕ್ಕಿದ್ದು ಟ್ರೈಕೊಫೈಟಾನ್ ರುಬ್ರಮ್ ಅನ್ನುವ ಫಂಗಸ್, ಕಾಲ್ಬೆರಳ ಸಂದಿಯಲ್ಲಿ ತುರಿಕೆ ಎಬ್ಬಿಸುವುದೂ ಸಾಮಾನ್ಯವಾಗಿ ಇದೇ. ಹಾಗಾಗಿ ಸಂದಿಗೆ ಬೇರೆ ಕ್ರೀಮ್ ಕೊಟ್ಟರು. ಅದನ್ನು ಬಿಟ್ಟು ಉಗುರಿಗೆ ಮಾತ್ರ ಹಚ್ಚಿದರೆ ಫಂಗಸ್ ಅಲ್ಲಿಂದ ಮತ್ತೆ ಉಗುರಿಗೆ ಹತ್ತುತ್ತದೆ.

ಭಾನುವಾರ ಸ್ನಾನ ಆದಮೇಲೆ ಕೂರುತ್ತೇನೆ. ಉಗುರು ಆಗ ಮೆತ್ತಗಿರುತ್ತದೆ. ಎದ್ದು ನಿಂತ ಭಾಗವನ್ನು ಕತ್ತರಿಸಿ, ಅಡಿಯ ಪುಡಿ ತೆಗೆಯುತ್ತೇನೆ. ಕಾಲು ಪೂರ್ತಿ ಒಣಗಬೇಕು, ಬೆರಳ ಸಂದಿಯೂ ಸೇರಿ. ಆಮೇಲೆ ಅರದಿಂದ ಉಗುರಿನ ಮೇಲ್ಮೈ ಉಜ್ಜುವುದು. ಈ ಕೆಲಸದಲ್ಲಿ ನನಗೆ ಒಂಥರಾ ಖುಷಿ ಇದೆ. ದಪ್ಪ ಹಳದಿ ಪದರ ತೆಳುವಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಉಜ್ಜದಿದ್ದರೆ ಔಷಧಿ ಆ ದಪ್ಪ ಉಗುರಿನೊಳಗೆ ಇಳಿಯುವುದಿಲ್ಲ. ಸ್ಪಿರಿಟ್ ಹತ್ತಿಯಿಂದ ಒರೆಸಿ ಹಳೆಯ ಲ್ಯಾಕರ್ ತೆಗೆದು, ಒಂದು ಉಗುರಿಗೆ ಹಚ್ಚಿ, ಸ್ಪ್ಯಾಚುಲಾ ಒರೆಸಿ, ಇನ್ನೊಂದಕ್ಕೆ ಹಚ್ಚುತ್ತೇನೆ. ಒರೆಸದೆ ಮತ್ತೆ ಅದ್ದಿದರೆ ಬಾಟಲಿಯೊಳಗಿನ ಔಷಧಿಗೂ ಫಂಗಸ್ ಸೇರುತ್ತದೆ. ಆರಲು 3ರಿಂದ 5 ನಿಮಿಷ. ಆ ಹೊತ್ತಿನಲ್ಲಿ ಬಾಟಲಿಯ ಕತ್ತನ್ನು ಸ್ಪಿರಿಟ್ ಹತ್ತಿಯಿಂದ ಸುತ್ತಲೂ ಒರೆಸಿ ಮುಚ್ಚಳ ಬಿಗಿ ಮಾಡುತ್ತೇನೆ. ಇದನ್ನು ಶುರು ಮಾಡಿದ ಮೇಲೆ ಮುಚ್ಚಳ ಕಚ್ಚಿಕೊಂಡಿಲ್ಲ. ಚೀಟಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಉಜ್ಜಿದ ಅರವನ್ನು ಚೆನ್ನಾಗಿರುವ ಉಗುರಿಗೆ ಮುಟ್ಟಿಸುವುದಿಲ್ಲ. ಮನೆಯವರ ನೇಲ್ ಕಟರ್ ಬೇರೆ, ನನ್ನದು ಬೇರೆ.

ಮೊದಲ ತಿಂಗಳುಗಳಲ್ಲಿ ಏನೂ ಬದಲಾಗಲಿಲ್ಲ. ದುಡ್ಡು ಸುಮ್ನೆ ಹೋಯಿತು ಅನ್ನಿಸಿತು. ಡಾಕ್ಟರು ಬಿಡಿಸಿ ಹೇಳಿದರು: ಕೆಟ್ಟ ಉಗುರು ರಿಪೇರಿ ಆಗುವುದಿಲ್ಲ. ಬುಡದಿಂದ ಒಳ್ಳೆಯ ಉಗುರು ಬೆಳೆದು ಅದನ್ನು ಹೊರಗೆ ತಳ್ಳಬೇಕು. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ, ಕೈ ಉಗುರು ಅದರ ಎರಡರಷ್ಟು. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಹಳದಿ ಮುಗಿದು ಗುಲಾಬಿ ಬಣ್ಣ ಶುರುವಾಗುವ ಕಡೆ ಅರದ ಅಂಚಿನಿಂದ ಒಂದು ಸಣ್ಣ ಗೀರು ಎಳೆದುಕೊಳ್ಳಿ ಅಂದರು. ಹಳದಿ ಆ ಗೀರು ದಾಟಿ ಬುಡದ ಕಡೆ ಬಂದರೆ ಔಷಧಿ ಕೆಲಸ ಮಾಡುತ್ತಿಲ್ಲ. ಗೀರೂ ಹಳದಿಯೂ ಒಟ್ಟಿಗೆ ತುದಿಯ ಕಡೆ ಸರಿದರೆ ಮಾಡುತ್ತಿದೆ. ಉಜ್ಜುವಾಗ ಮಾಸಿದರೆ ಅದೇ ಜಾಗದಲ್ಲಿ ಮತ್ತೆ ಎಳೆಯುತ್ತೇನೆ. ಗೀರು ಮುಂದಕ್ಕೆ ಹೋಗಿದೆ, ಹಿಂದೆ ಬರೀ ಗುಲಾಬಿ ಇದೆ ಅಂತ ಮೊದಲ ಸಲ ಖಾತ್ರಿಯಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿಂದ ಈ ಬಾಟಲಿಯ ಮೇಲಿನ ಸಿಟ್ಟು ಇಳಿಯಿತು.

ನಮ್ಮ ಅಕ್ಕನಿಗೆ ಆರೇಳು ಉಗುರಿಗೆ ಹರಡಿತ್ತು, ಬುಡದ ಬಿಳಿ ಅರ್ಧಚಂದ್ರದವರೆಗೂ ಹೋಗಿತ್ತು. ಅಂಥದ್ದಕ್ಕೆ ಲ್ಯಾಕರ್ ಒಂದೇ ಸಾಲದು. ಅವಳಿಗೆ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದರಂತೆ 12 ವಾರ. ಮೊದಲು ಲಿವರ್‌ಗೆ ರಕ್ತ ಪರೀಕ್ಷೆ ಮಾಡಿಸಿದರು. ಮಧ್ಯದಲ್ಲಿ ಸ್ವಲ್ಪ ದಿನ ನಾಲಿಗೆಗೆ ರುಚಿ ಹೋಗಿತ್ತು, ಆಮೇಲೆ ಬಂತು. ವಾಸಿಯಾಗುವ ಸಾಧ್ಯತೆ ಮಾತ್ರೆಯಲ್ಲೇ ಜಾಸ್ತಿ, ಇದನ್ನು ಮುಚ್ಚಿಡುವುದಿಲ್ಲ. ನಾನು ಬೇರೆ ಮಾತ್ರೆಗಳನ್ನು ನುಂಗುತ್ತಿರುವುದರಿಂದ, ಎರಡೇ ಉಗುರು ಆದ್ದರಿಂದ, ಬುಡ ಚೆನ್ನಾಗಿದ್ದುದರಿಂದ ಲ್ಯಾಕರ್ ಆರಿಸಿಕೊಂಡೆ. ಸೈಕ್ಲೊಪಿರಾಕ್ಸ್ 8% ಅಂತ ಇನ್ನೊಂದು ಲ್ಯಾಕರ್ ಇದೆ. ಅದನ್ನು ದಿನಾ ಹಚ್ಚಬೇಕು. ದಿನದ ಕೆಲಸ ನನಗೆ ತಪ್ಪಿಹೋಗುತ್ತದೆ, ವಾರದ ಕೆಲಸ ತಪ್ಪುವುದಿಲ್ಲ.

ಬಲಗಾಲಿನದು ಈಗ ಪೂರ್ತಿ ಚೊಕ್ಕ. ಎಡಗಾಲಿನ ಮೂಲೆಯಲ್ಲಿ ಒಂದಿಷ್ಟು ಹಳದಿ ಇನ್ನೂ ಇದೆ, ಅದೂ ತುದಿಗೆ ಬಂದಿದೆ. ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದೆರಡು ಉಗುರು, ಬುಡ ಇನ್ನೂ ಚೆನ್ನಾಗಿದೆ, ವರ್ಷ ಕಾಯುವ ತಾಳ್ಮೆ ಇದೆ ಅನ್ನುವವರು ಧೈರ್ಯವಾಗಿ ಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮನೆಯಲ್ಲೇ ಅರ ಹಿಡಿದು ಉಜ್ಜುವುದಕ್ಕೆ ಹೋಗಬೇಡಿ. ಸಣ್ಣ ಗಾಯವೂ ಅವರಿಗೆ ದೊಡ್ಡದಾಗುತ್ತದೆ. ಡಾಕ್ಟರಿಗೆ ತೋರಿಸಿ, ಉಜ್ಜುವ ಕೆಲಸವನ್ನು ಅಲ್ಲೇ ಮಾಡಿಸಿಕೊಳ್ಳಿ.